ಬಾಗಿಲಲ್ಲಿ ಬಂಡೆಪ್ಪ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಂದೇ. ಗುರುಬಸವರಾಜನಿಗೆ "ಆಗೋದಿಲ್ಲ" ಎನ್ನಲು ಬಾಯಿ ಬರುತ್ತಿರಲಿಲ್ಲ. ಕೊಟ್ಟೂರಿನ ತಾಲ್ಲೂಕು ಕಚೇರಿ ಎದುರಿನ ಅವನ ಝೆರಾಕ್ಸ್ ಅಂಗಡಿಯಲ್ಲಿ ಸರದಿ ಅನ್ನೋದೇ ಇರಲಿಲ್ಲ. ಹಿಂದೆ ಬಂದವರು "ಲಗೂನ ಒಂದು ತಗದು ಕೊಡಪಾ" ಎಂದರೆ "ಆಗ್ಲಿ ರೀ" ಎನ್ನುತ್ತಿದ್ದ. ಮುಂದೆ ನಿಂತವರು ಬೈದರೆ ಅವರಿಗೂ "ಆಗ್ಲಿ ರೀ" ಎನ್ನುತ್ತಿದ್ದ. ಆಳು ಬೇರೆ ಸಣಕಲ. ಗಾಳಿ ಜೋರಾಗಿ ಬೀಸಿದರೆ ಹೆಂಡತಿ ಶೈಲಾ "ಒಳಗ ಬರ್ರೀ" ಎಂದು ಕೂಗುತ್ತಿದ್ದಳು. ತಮಾಷೆಗೋ ನಿಜಕ್ಕೋ ಅವನಿಗೆ ಇವತ್ತಿಗೂ ಗೊತ್ತಾಗಿಲ್ಲ.

ಇಂಥ ಪುಣ್ಯಾತ್ಮ ಫೋನಿನೊಳಗೆ ಒಬ್ಬ ದಢೂತಿಯನ್ನು ಸಾಕಿದ್ದ.

ಅದೊಂದು ಆನ್‌ಲೈನ್ ಆಟ, ಅಮೆರಿಕದವರ ಫುಟ್ಬಾಲ್. ಫುಟ್ಬಾಲ್ ಎಂದ ತಕ್ಷಣ ಕಾಲಲ್ಲಿ ಆಡುವುದು ಎಂದುಕೊಳ್ಳಬೇಡಿ, ಅಲ್ಲಿ ಕಾಲಿಗೆ ಕೆಲಸ ಕಡಿಮೆ. ಮೊಟ್ಟೆಯ ಹಾಗಿರುವ ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಒಂದು ಕಡೆಯವರು ನುಗ್ಗುತ್ತಾರೆ, ಇನ್ನೊಂದು ಕಡೆಯವರು ತಡೆಯುತ್ತಾರೆ. ತಡೆಯುವವರ ಮುಂದಿನ ಸಾಲಿನಲ್ಲಿ ನಿಲ್ಲುವ ಆಸಾಮಿಗೆ ಡಿಫೆನ್ಸಿವ್ ಲೈನ್‌ಮನ್ ಎಂದು ಹೆಸರು. ಯಾರು ಎಷ್ಟು ತಳ್ಳಿದರೂ ಅವನು ಜಗ್ಗಬಾರದು. ಆಟಕ್ಕೆ ಸೇರಿದ ಒಬ್ಬೊಬ್ಬರೂ ಒಬ್ಬೊಬ್ಬ ಆಟಗಾರನನ್ನು ತಯಾರು ಮಾಡಿ ತಂಡಕ್ಕೆ ಕೊಡಬೇಕು. ಬೇರೆಯವರೆಲ್ಲ ಓಡುವವನನ್ನೋ ಎಸೆಯುವವನನ್ನೋ ಆರಿಸಿಕೊಂಡರೆ ನಮ್ಮ ಗುರು ಕಣ್ಣು ಮುಚ್ಚಿಕೊಂಡು ಲೈನ್‌ಮನ್‌ನನ್ನೇ ಆರಿಸಿದ, ಬಂಡೆಪ್ಪ ಎಂದು ಹೆಸರಿಟ್ಟ. ದಿನವಿಡೀ ಊರವರಿಂದ ತಳ್ಳಿಸಿಕೊಂಡು ಮನೆಗೆ ಬಂದು, ಯಾರಿಂದಲೂ ತಳ್ಳಲಾಗದ ಆ ಬಂಡೆಪ್ಪನನ್ನು ನೋಡಿದರೆ ಅವನಿಗೆ ಜೀವಕ್ಕೆ ತಂಪಾಗುತ್ತಿತ್ತು.

ಬಂಡೆಪ್ಪನಿಗೆ ಕಸರತ್ತು ಮಾಡಿಸಿದಂತೆಲ್ಲ ಪಾಯಿಂಟುಗಳು ಸಿಗುತ್ತವೆ. ಅವನ್ನು ತೋಳಿಗೆ, ತೊಡೆಗೆ, ತೂಕಕ್ಕೆ, ವೇಗಕ್ಕೆ ಎಂದು ಹಂಚಬೇಕು. ಹಂಚಿ ಕೊನೆಗೆ ಹಸಿರು ಗುಂಡಿ ಒತ್ತಿದರೆ ಮುಗಿಯಿತು, ಬ್ರಹ್ಮನೇ ಬಂದರೂ ಬದಲಾಗುವುದಿಲ್ಲ. ಆ ಹೆದರಿಕೆಗೆ ಗುರು ಆರು ತಿಂಗಳಿಂದ ಒಂದು ಪಾಯಿಂಟನ್ನೂ ಖರ್ಚು ಮಾಡಿರಲಿಲ್ಲ. ತೂಕ ಹೆಚ್ಚಿಸಿದರೆ ನಿಧಾನವಾದಾನು, ವೇಗ ಹೆಚ್ಚಿಸಿದರೆ ಹಗುರಾದಾನು ಎಂದು ಊಟದ ತಟ್ಟೆಯ ಮುಂದೂ ಅದೇ ಚಿಂತೆ.

ಭಾನುವಾರ ಬೆಳಿಗ್ಗೆ ಅಮೆರಿಕದಲ್ಲಿದ್ದ ತಂಡದ ನಾಯಕನಿಂದ ಮೆಸೇಜು ಬಂತು. ಮುಂದಿನ ಭಾನುವಾರ ಫೈನಲ್. ಆಡುವವರ ಪಟ್ಟಿ ಇವತ್ತು ಮಧ್ಯಾಹ್ನ ಒಂದು ಗಂಟೆಗೆ ಮುಗಿಯುತ್ತದೆ. ಕೊನೆಯ ಕಸರತ್ತಿನ ಪಾಯಿಂಟು ಹನ್ನೆರಡೂವರೆಗೆ ಬರುತ್ತದೆ, ಬಂದ ಕೂಡಲೇ ಎಲ್ಲವನ್ನೂ ಹಂಚಿ ಗುಂಡಿ ಒತ್ತಬೇಕು. ಒತ್ತದಿದ್ದರೆ ಬಂಡೆಪ್ಪ ಹೊರಗೆ.

ಗುರು ಅಂಗಡಿಗೆ ಹೋಗಿ ಅರ್ಧ ಶಟರ್ ಎಳೆದುಕೊಂಡು ಕುಳಿತ. ಅಷ್ಟರಲ್ಲಿ ಶಟರ್ ಕೆಳಗಿನಿಂದ ಒಂದು ರೇಷ್ಮೆ ಸೀರೆ ಬಗ್ಗಿತು. ಓಣಿಯ ಹಿರಿಯಾಕೆ ಕೊಟ್ರಬಸಮ್ಮ. ಅವತ್ತು ಆಕೆಯ ಮೊಮ್ಮಗಳು ಗೀತಾಂಜಲಿಯ ಮದುವೆ.

"ಗುರೂ, ಒಳಗ ಅದೀಯೇನಪಾ? ಇಡೀ ಓಣಿ ಮಂಟಪಕ್ಕ ಹೋಗೈತಿ, ನೀನೇನು ಇಲ್ಲಿ ಕತ್ಲಾಗ ತತ್ತಿಗೆ ಕಾವು ಕೊಡಾಕ ಹತ್ತೀಯ?"

"ಬರ್ತೀನಿ ದೊಡ್ಡವ್ವ, ಊಟದ ಹೊತ್ತಿಗೆ..."

"ಊಟದ ಹೊತ್ತಿಗೇ ನೀನು ಬೇಕಾಗಿರಾದು! ಊಟದ ಹಾಲ್ ಬಾಗ್ಲಾಗ ನಿಂದ್ರೋ ನಮ್ಮ ಕೊಟ್ರಬಸಪ್ಪ ಸೊಂಟ ಹಿಡಿಸ್ಕಂಡು ಮಕ್ಕಂಡಾನ. ಮೊದಲ್ನೇ ಪಂಕ್ತಿ ಬೀಗರದು. ಅವರು ಉಂಡು ಏಳೋತನ ನಮ್ಮ ಮಂದಿ ಒಬ್ಬರೂ ಒಳಗ ಬರಬಾರ್ದು. ನೀನು ಬಾಗ್ಲಾಗ ನಿಂದ್ರು."

ಗುರು ಹೌಹಾರಿದ. "ನಾನಾ? ನನ್ನ ಮೈ ನೋಡು ದೊಡ್ಡವ್ವ!"

"ನೋಡೇ ಕರಿಯಾಕ ಬಂದೀನಿ. ಮೈ ಇದ್ದೋರನ್ನ ನಿಂದ್ರಿಸಿದ್ರ ಹೊಡದಾಟ ಆಕ್ಕೈತಿ. ನಿನ್ನ ನೋಡಿದ್ರ ಯಾರಿಗೂ ಕೈ ಎತ್ತಾಕ ಮನಸ ಬರಂಗಿಲ್ಲ."

ಗುರು ಉಸಿರು ಎಳೆದುಕೊಂಡ. ಇವತ್ತು ಹೇಳಿಯೇ ಬಿಡಬೇಕು ಎಂದು ಬಾಯಿ ತೆರೆದ. "ಆ..." ಎನ್ನುವಷ್ಟು ಬಂತು. ಉಳಿದದ್ದು ಎಂದಿನಂತೆ "...ಗ್ಲಿ ದೊಡ್ಡವ್ವ" ಎಂದೇ ಬಂತು.

ಕೂಡ್ಲಿಗಿ ರಸ್ತೆಯ ಆ ಕಲ್ಯಾಣ ಮಂಟಪಕ್ಕೆ ತಗಡಿನ ಚಾವಣಿ. ನೆಟ್‌ವರ್ಕ್ ಸಿಗುತ್ತಿದ್ದುದು ಊಟದ ಹಾಲ್ ಬಾಗಿಲಲ್ಲಿ ಮಾತ್ರ. ಸದ್ಯ, ಅಷ್ಟಾದರೂ ಪುಣ್ಯವಿದೆಯಲ್ಲ ಎಂದುಕೊಂಡ ಗುರು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಒಳಗಿನಿಂದ ಗೋಧಿ ಹುಗ್ಗಿಯ, ಮಿರ್ಚಿಯ ವಾಸನೆ ಬರುತ್ತಿತ್ತು. ಬೀಗರು ಒಬ್ಬೊಬ್ಬರಾಗಿ ಒಳಗೆ ಹೋಗಿ ಕೂರತೊಡಗಿದ್ದರು. ಹನ್ನೆರಡೂವರೆಗೆ ಸರಿಯಾಗಿ ಫೋನು "ಟಿಂಗ್" ಎಂದಿತು. ಪಾಯಿಂಟುಗಳು ಬಂದವು.

ಅವು ಬಂದ ಹಾಗೆಯೇ ಗಂಗಾಧರ್ ಕೂಡ ಬಂದ. ಝೆರಾಕ್ಸ್ ಅಂಗಡಿಯ ಪಕ್ಕದ ಬೀಜದಂಗಡಿಯವನು. ಹೈಸ್ಕೂಲಿನಲ್ಲಿ ಕಬಡ್ಡಿ ಕ್ಯಾಪ್ಟನ್ ಆಗಿದ್ದವನು, ಅದನ್ನು ಇನ್ನೂ ಇಳಿಸದೆ ಹೊತ್ತುಕೊಂಡು ತಿರುಗುತ್ತಿದ್ದವನು.

"ಯಾರಲೇ ಇಂವ, ಹೋರಿ ಇದ್ದಂಗ ಅದಾನ?" ಎಂದು ಫೋನಿನೊಳಗೆ ಇಣುಕಿದ.

"ಲೈನ್‌ಮನ್."

"ಕರೆಂಟಿನಾಂವಾ? ಈ ಮೈ ಇಟ್ಕಂಡು ಕಂಬ ಹೆಂಗ ಹತ್ತತಾನಲೇ?"

ಗುರು ಎರಡೇ ಮಾತಿನಲ್ಲಿ ವಿವರಿಸಿ ಕೈತೊಳೆದುಕೊಳ್ಳಲು ನೋಡಿದ. ಆದರೆ ಮದುವೆ ಮನೆಯಲ್ಲಿ ಒಬ್ಬ ಬಗ್ಗಿ ಫೋನು ನೋಡಿದರೆ ಹತ್ತು ತಲೆ ಬಗ್ಗುತ್ತವೆ. ಎಲೆ ಅಡಿಕೆ ಬಾಯಿಯ ಹಿರಿಯರೊಬ್ಬರು "ಹೊಟ್ಟಿಗೆ ಹಾಕಪಾ, ಹೊಟ್ಟಿ ಗಟ್ಟಿ ಇದ್ರ ಎಲ್ಲಾ ಗಟ್ಟಿ" ಎಂದರು. ಗುರು ಹಾಕಿದ. ಮಗು ಎತ್ತಿಕೊಂಡ ಹೆಣ್ಣುಮಗಳೊಬ್ಬಳು "ಪಾಪ, ಸ್ವಲ್ಪ ಓಡಾಕೂ ಬರಲಿ ತಗೋ ಅಣ್ಣ" ಎಂದಳು. ಹೊಟ್ಟೆಯಿಂದ ತೆಗೆದು ಕಾಲಿಗೆ ಹಾಕಿದ. ಗಂಗಾಧರನಿಗೆ ಎರಡೂ ಸರಿಬೀಳಲಿಲ್ಲ.

"ತಡಿಯೋನಿಗೆ ಮೈ ಅಲ್ಲಲೇ ಮುಖ್ಯ, ನಿಲುವು! ಮೊಣಕಾಲು ಬಗ್ಗಸಬೇಕು, ಸೊಂಟ ಇಳಸಬೇಕು, ಎದಿ ಮುಂದ ಕೊಡಬೇಕು. ನೋಡಿಲ್ಲಿ!" ಎಂದು ಪಂಚೆ ಮೇಲೆತ್ತಿ ಬಗ್ಗಿ ನಿಂತು ತೋರಿಸಿದ. ಆಮೇಲೆ ಎದ್ದು, "ಅಂದಂಗ ಇದು ಫುಟ್ಬಾಲ್ ಅಂದೆಲ್ಲಾ? ಫುಟ್ಬಾಲಿಗೆ ಒದಿಯೋದಲ್ಲೇನಲೇ ಬೇಕಾಗಿರಾದು? ಕೊಡಿಲ್ಲಿ ಫೋನು" ಎಂದು ಕಿತ್ತುಕೊಂಡು, ಆರು ತಿಂಗಳ ಪಾಯಿಂಟುಗಳನ್ನೆಲ್ಲ ಒಂದೇ ಎಳೆತಕ್ಕೆ "ಚೆಂಡು ಒದೆಯುವ ಕಾಲು" ಎಂಬಲ್ಲಿಗೆ ಸುರಿದುಬಿಟ್ಟ.

"ಅಯ್ಯೋ, ಲೈನ್‌ಮನ್ ಜನ್ಮದಾಗ ಚೆಂಡು ಒದಿಯಂಗಿಲ್ಲ, ಅದಕ್ಕ ಬ್ಯಾರೆ ಒಬ್ಬಾಂವ ಇರ್ತಾನ! ಕೊಡೋ ಮಾರಾಯ!" ಗುರು ಫೋನು ಕಸಿದುಕೊಂಡ. ಹಸಿರು ಗುಂಡಿ ಇನ್ನೂ ಒತ್ತಿರಲಿಲ್ಲ. ಹೋದ ಜೀವ ಬಂದಂತಾಯಿತು. ಎಲ್ಲವನ್ನೂ ಹಿಂದಕ್ಕೆ ತೆಗೆಯಬೇಕು ಎಂದು ಬೆರಳು ಇಡುವಷ್ಟರಲ್ಲಿ ಅತ್ತ ಗಟ್ಟಿಮೇಳ ಮೊಳಗಿತು.

ಅಕ್ಕಿಕಾಳು ವಧೂವರರ ತಲೆಯ ಮೇಲೆ ಬಿದ್ದವೋ ಇಲ್ಲವೋ, ಇಡೀ ಮಂಟಪ ಊಟದ ಬಾಗಿಲಿನ ಕಡೆ ತಿರುಗಿತು.

ಮೊದಲು ಬಂದವರು "ನಮ್ಮ ಹುಡುಗ ಹಸ್ದಾನ್ರಿ" ಎಂದರು. "ಆಗ್ಲಿ ರೀ" ಎಂದು ಗುರು ಸರಿದ. ಮುಂದಿನವರು "ಉಜ್ಜಿನಿ ಬಸ್ಸು ತಪ್ಪತೈತ್ರಿ" ಎಂದರು. ಅವರಿಗೂ ಆಗ್ಲಿ. "ನನಗ ಶುಗರ್ ಐತಪಾ" ಎಂದವರಿಗಂತೂ ಅವನೇ ಕೈಹಿಡಿದು ದಾರಿ ಬಿಟ್ಟ. ಇನ್ನೊಂದು ಗಳಿಗೆಯಲ್ಲಿ ಒಳಗಿನಿಂದ ಕೊಟ್ರಬಸಮ್ಮ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು. ಬಯ್ಯುತ್ತಾಳೆ ಎಂದುಕೊಂಡ. ಬಯ್ಯಲಿಲ್ಲ, ಆಕೆಯ ಕಣ್ಣಲ್ಲಿ ನೀರಿತ್ತು.

"ಬೀಗರ ಎಲಿ ಮುಂದ ನಮ್ಮ ಮಂದಿ ಕುಂತಾರಲೋ ಗುರು! ಹೆಂಗೋ ಕಾಲು ಹಿಡ್ದು ಎಬ್ಬಿಸ್ತೀನಿ. ಇನ್ನೊಬ್ಬರು ಬಂದ್ರ ಬೀಗರು ಎದ್ದು ಹೊಕ್ಕಾರ. ಆ ಮನ್ಯಾಗ ನಮ್ಮ ಹುಡುಗಿ ಬಾಳುವೆ ಮಾಡಬೇಕಪಾ!"

ಗೀತಾಂಜಲಿ ಶಾಲೆಗೆ ಹೋಗುವಾಗಿಂದ ಗುರುವಿನ ಅಂಗಡಿಗೆ ಬರುತ್ತಿದ್ದ ಹುಡುಗಿ, ಸರದಿ ಬಿಟ್ಟು ಒಂದು ದಿನವೂ ಮುಂದೆ ನುಗ್ಗಿದವಳಲ್ಲ. ಅವನು ಫೋನು ನೋಡಿದ. ಒಂದಕ್ಕೆ ಇನ್ನು ಕೆಲವೇ ನಿಮಿಷ. ಬಾಗಿಲು ನೋಡಿದ. ಜನ ಬರುತ್ತಿದ್ದರು. ಫೋನನ್ನು ಅಂಗೈಯಲ್ಲಿ ಹಾಗೇ ಹಿಡಿದುಕೊಂಡು ಮೊಣಕಾಲು ಬಗ್ಗಿಸಿದ, ಸೊಂಟ ಇಳಿಸಿದ, ಎದೆ ಮುಂದೆ ಕೊಟ್ಟ.

ಮೊದಲ ಅಲೆ ಬಂದು ಬಡಿಯಿತು. ಗುರು ಜಗ್ಗಲಿಲ್ಲ. ಅವನಿಗೇ ಗಾಬರಿಯಾಯಿತು. ಎರಡನೆಯದೂ ಬಂತು. ಮುಂಗಾಲ ಮೇಲೆ ಭಾರ ಬಿಟ್ಟು ತಡೆದ. ಗಂಗಾಧರ್ ಪಕ್ಕದಲ್ಲಿ "ಸೊಂಟ ಇಳಸಲೇ, ಸೊಂಟ!" ಎಂದು ಅರಚುತ್ತಿದ್ದ. ಆಗ ಗುಂಪನ್ನು ಸೀಳಿಕೊಂಡು ಒಬ್ಬ ಆಜಾನುಬಾಹು ಬಂದ. ಬರೀ ಬನಿಯನ್ನು, ತಲೆಗೆ ಟವೆಲ್ಲು, ಸಾಕ್ಷಾತ್ ಬಂಡೆಪ್ಪನ ಅಣ್ಣನಂಥ ಮೈಕಟ್ಟು.

"ಸರಿಯಪಾ ತಮ್ಮಾ, ಒಳಗ ಹೋಗಬೇಕು."

"ಪಂಕ್ತಿ ಏಳ್ಲಿ ರೀ."

"ನಾನು ಯಾರು ಗೊತ್ತೈತೇನು?"

ಮದುವೆ ಮನೆಯಲ್ಲಿ ನುಗ್ಗುವವರೆಲ್ಲ ಕೇಳುವುದು ಇದನ್ನೇ. ಆ ಮನುಷ್ಯ ಹೊಟ್ಟೆಯಿಂದಲೇ ತಳ್ಳಿದ. ಗುರು ಎರಡೂ ಅಂಗೈಯನ್ನು ಆ ಹೊಟ್ಟೆಗೆ ಕೊಟ್ಟು, ಹಲ್ಲು ಕಚ್ಚಿ, ಕಣ್ಣು ಮುಚ್ಚಿ ಒದರಿದ:

"ಆಗೋದಿಲ್ಲ ರೀ!"

ಮಂಟಪ ಗಪ್‌ಚಿಪ್ ಆಯಿತು. ಹೆಂಗಸರ ನಡುವೆ ಕೂತಿದ್ದ ಶೈಲಾ ಎದ್ದು ನಿಂತು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆ ಮೌನದಲ್ಲಿ, ಹೊಟ್ಟೆಗೂ ಅಂಗೈಗೂ ನಡುವೆ ಸಿಕ್ಕಿದ್ದ ಫೋನು "ಟಿಂಗ್" ಎಂದಿತು.

ಹಿಂದಿನಿಂದ ಕೊಟ್ರಬಸಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಶಿವನೇ! ಬೀಗರನ್ನೇ ತಡದೀಯಲ್ಲೋ! ಮದುಮಗನ ಅಪ್ಪಲೋ ಅವರು!"

ಹಿರೇಹಡಗಲಿಯ ಗುರುಸಂಗಪ್ಪನವರು. ಅಂಗಿಯ ಮೇಲೆ ಯಾರೋ ಹಾಲು ಚೆಲ್ಲಿದ್ದರಿಂದ ಅದನ್ನು ತೊಳೆಯಲು ಕೊಟ್ಟು, ತಮ್ಮ ಪಂಕ್ತಿಗೆ ತಡವಾಗಿ ಬಂದಿದ್ದರು. ಗುರುವನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಹೋದರು.

ಗುರು ಫೋನು ತಿರುಗಿಸಿ ನೋಡಿದ. ಹಸಿರು ಗುಂಡಿ ಒತ್ತಿಹೋಗಿತ್ತು. ಬೀಗರ ಹೊಟ್ಟೆ ತನ್ನ ಕೆಲಸ ಮಾಡಿತ್ತು. ಬಂಡೆಪ್ಪನ ಆರು ತಿಂಗಳ ಬಲವೆಲ್ಲ ಒದೆಯುವ ಕಾಲಿಗೆ ಇಳಿದಿತ್ತು. ಕೆಳಗೆ ನಾಯಕನ ಮೆಸೇಜು: "ಒದೆಯೋ ಲೈನ್‌ಮನ್ನಾ? ನಿನಗೆ ತಲೆ ಸರಿ ಇದೆಯಾ? ನೀನು ಹೊರಗೆ." ಗುರು ಬೋರಲು ಹಾಕಿದ್ದ ಸಾರಿನ ಬಕೆಟ್ಟಿನ ಮೇಲೆ ಕುಸಿದು ಕೂತ. ಕಣ್ಣು ತುಂಬಿ ಬಂತು. ಅತ್ತ ಮದುವೆಯೂ ಕೆಟ್ಟಿತು, ಇತ್ತ ಬಂಡೆಪ್ಪನೂ ಹೋದ.

"ಬೀಗರು ಕರಿತಾರ, ಬರಬೇಕಂತ" ಎಂದು ಗಂಗಾಧರ್ ಬಂದು ಎಬ್ಬಿಸಿದ. ಗುರು ಕುರಿಯಂತೆ ಹಿಂದೆ ಹೋದ. ಎಲೆಯ ಮುಂದೆ ಕೂತ ಗುರುಸಂಗಪ್ಪನವರು ಹುಗ್ಗಿಗೆ ತುಪ್ಪ ಕಲಸುತ್ತಿದ್ದರು. ಪಕ್ಕದಲ್ಲಿ ಕೊಟ್ರಬಸಮ್ಮ ಕೈಮುಗಿದು ನಿಂತಿದ್ದಳು.

"ಹೋದ ವರ್ಷ ನಮ್ಮ ದೊಡ್ಡ ಮಗನ ಮದ್ವಿ ಮಾಡಿದೆ," ಎಂದರು ಅವರು. "ಮಂದಿ ಹೆಂಗ ನುಗ್ಗಿದ್ರು ಅಂದ್ರ, ಮದುಮಗನ ಅಪ್ಪ ನಾನು, ನನಗ ಒಂದು ಚಮಚ ಹುಗ್ಗಿ ಸಿಗಲಿಲ್ಲ. ಆವತ್ತಿಂದ ಹುಡುಕಾಕ ಹತ್ತೀನಿ, ಬಾಗ್ಲಾಗ ನಿಂದ್ರೋ ಒಬ್ಬ ಗಂಡಸನ್ನ. ನನ್ನನ್ನ ತಡದಾಂವ ಯಾರನ್ನ ಬಿಟ್ಟಾನು! ಮುಂದಿನ ಐತ್ವಾರ ನಮ್ಮೂರಾಗ ಸೊಸಿನ ಮನಿ ತುಂಬಿಸ್ಕಳ್ಳೋ ಊಟ ಐತಿ. ಬಾಗ್ಲಿಗೆ ನೀನ ಬರಬೇಕು."

ಕೊಟ್ರಬಸಮ್ಮನ ಮುಖ ಅರಳಿತು. "ಬರ್ತಾನ್ರಿ ಬೀಗ್ರೇ, ಓಡಿ ಬರ್ತಾನ! ಅಲ್ಲೇನಲೋ ಗುರು?"

"ಆಗ್ಲಿ ರೀ," ಎಂದ ಗುರು. ಮದುವೆ ಉಳಿಯಿತಲ್ಲ, ಅಷ್ಟೇ ಸಾಕಾಗಿತ್ತು ಅವನಿಗೆ.

ಹೊರಗೆ ಬಾಗಿಲಿಗೆ ಬಂದ ಕೂಡಲೇ ಫೋನು ಮತ್ತೆ "ಟಿಂಗ್" ಎಂದಿತು. ನಾಯಕ. ತಂಡದಲ್ಲಿ ಚೆಂಡು ಒದೆಯುತ್ತಿದ್ದವನ ಕಾಲು ಕಸರತ್ತಿನಲ್ಲಿ ಮುರಿದಿದೆಯಂತೆ. ಬಂಡೆಪ್ಪನಂಥ ಒದೆಯುವ ಕಾಲು ಇಡೀ ಆಟದಲ್ಲಿ ಇನ್ನೊಬ್ಬನಿಗಿಲ್ಲವಂತೆ. ಪಟ್ಟಿ ಮುಗಿಯುವ ಕೊನೆಯ ಗಳಿಗೆಯಲ್ಲಿ ಬಂಡೆಪ್ಪನನ್ನು ಮತ್ತೆ ಸೇರಿಸಿಕೊಂಡಿದ್ದಾನಂತೆ, ಫೈನಲಿನಲ್ಲಿ ಎಲ್ಲ ಒದೆತವೂ ಅವನದೇ. "ಒಂದೇ ಮಾತು. ಪ್ರತಿ ಒದೆತಕ್ಕೂ ನೀನೇ ಗುರಿ ಹಿಡಿದು ಒತ್ತಬೇಕು. ಫೋನಿನ ಮುಂದೆ ಇರದಿದ್ದರೆ ಬಂಡೆಪ್ಪ ಶಾಶ್ವತವಾಗಿ ಹೊರಗೆ. ಭಾನುವಾರ, ನಿಮ್ಮ ಮಧ್ಯಾಹ್ನ ಒಂದು ಗಂಟೆಗೆ."

ಗುರು ಇದ್ದಲ್ಲೇ ಕುಣಿದ. ಶೈಲಾಳಿಗೆ ತೋರಿಸಿದ. ಆಕೆ ಓದಿ ಕೇಳಿದಳು. "ಐತ್ವಾರ ಒಂದು ಗಂಟಿಗೆ ನೀವು ಹಿರೇಹಡಗಲ್ಯಾಗ ಇರ್ತೀರಲ್ರೀ?"

ಕುಣಿತ ನಿಂತಿತು.

"ಹೋಗ್ರಿ, ಆಗೋದಿಲ್ಲ ಅಂದು ಬರ್ರಿ," ಎಂದಳು ಶೈಲಾ. "ಈಗಿನ್ನ ಒಮ್ಮೆ ಅಂದ್ರೆಲ್ಲ, ಎಷ್ಟು ಚೆಂದ ಅಂದ್ರಿ! ಇನ್ನೊಮ್ಮೆ ಅನ್ರಿ."

ಹೌದಲ್ಲ, ಅಂದಿದ್ದೆನಲ್ಲ ಎಂದು ಗುರುವಿಗೂ ಧೈರ್ಯ ಬಂತು. ಆಗೋದಿಲ್ಲ, ಆಗೋದಿಲ್ಲ ಎಂದು ಬಾಯಲ್ಲೇ ಜಪಿಸುತ್ತ ಒಳಗೆ ನಡೆದ. ಮೊಣಕಾಲು ಬಗ್ಗಿಸಿದ, ಸೊಂಟ ಇಳಿಸಿದ, ಎದೆ ಮುಂದೆ ಕೊಟ್ಟು ಬೀಗರೆದುರು ನಿಂತು ಬಾಯಿ ತೆರೆದ. ತೆರೆದ ಬಾಯಿಗೆ ಗುರುಸಂಗಪ್ಪನವರು ಪ್ರೀತಿಯಿಂದ ಒಂದು ಇಡೀ ಲಾಡು ತುರುಕಿದರು.

"ಏನೋ ಹೇಳಾಕ ಬಂದಿದ್ದೆಲ್ಲಪಾ?"

ಗುರು ಲಾಡು ಅಗಿದ. ಮತ್ತೂ ಅಗಿದ. ಕಷ್ಟಪಟ್ಟು ನುಂಗಿದ.

"ಏನಿಲ್ರಿ," ಎಂದ. "ಅಲ್ಲಿ ಬಾಗ್ಲು ಎಷ್ಟು ಅಗಲ ಐತ್ರಿ?"