ಚಿಲಕದ ಬೇಡಿಕೆಯೂ ನನ್ನ ಮಿಮಿಕ್ರಿಯೂ

ಮಕ್ಕಳ ಹಕ್ಕುಗಳ ಬಗ್ಗೆ ನನಗಿಂತ ಹೆಚ್ಚು ತಿಳಿದವರು ಇಡೀ ಹೊಸನಗರ ತಾಲ್ಲೂಕಿನಲ್ಲೇ ಇಲ್ಲ ಎಂದು ಬಹಳ ಕಾಲ ನಂಬಿದ್ದೆ. ಬಹಳ ಕಾಲ ಎಂದರೆ, ನಮ್ಮ ಶಾಲೆಯಲ್ಲಿ ಮಕ್ಕಳ ಗ್ರಾಮಸಭೆ ಶುರುವಾಗುವವರೆಗೆ!

ಆ ಸಭೆಯಲ್ಲಿ ಸ್ವಾಗತ, ನಿರೂಪಣೆ, ಬೇಡಿಕೆ ಎಲ್ಲ ಮಕ್ಕಳದ್ದೇ. ಪಂಚಾಯ್ತಿಯವರು ಕೂತು ಉತ್ತರ ಕೊಡಬೇಕು. ಒಂಬತ್ತನೇ ತರಗತಿಯ ನನಗೆ ನಿರೂಪಣೆ ಬಂತು. ಊರಲ್ಲಿ ಯಾರ ದನಿ ಬೇಕಾದರೂ ನನ್ನ ಗಂಟಲಲ್ಲಿ ಸಿಗುತ್ತದೆ, ನನ್ನದೊಂದು ಬಿಟ್ಟು. ಅದು ಈ ವರ್ಷವಷ್ಟೇ ಒಡೆದಿದೆ.

ಬೇಡಿಕೆ ಓದುವವಳು ನನ್ನ ತರಗತಿಯ ಸವಿತಾ. ಹಾಳೆಯಲ್ಲಿ ಆರು ಬೇಡಿಕೆ; ಮೊದಲನೆಯದು ಹುಡುಗಿಯರ ಶೌಚಾಲಯಕ್ಕೆ ಚಿಲಕ. ಮಳೆಗೆ ಬಾಗಿಲು ಉಬ್ಬಿ ಚಿಲಕ ಕಿತ್ತುಹೋಗಿತ್ತು. ಹುಡುಗಿಯರು ಜೋಡಿಯಾಗಿ ಹೋಗುತ್ತಿದ್ದರು; ಒಬ್ಬಳು ಒಳಗೆ, ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು. ಜೋಡಿ ಸಿಗದ ಸಣ್ಣ ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ.

"ತಮಾಷೆ ಮಾಡಿ ಇದನ್ನ ಹಾಳು ಮಾಡ್ಬೇಡ ಮಾರಾಯ," ಎಂದಳು ಸವಿತಾ. ನಾನು ಗಂಭೀರವಾಗಿ ಮಾತು ಕೊಟ್ಟೆ. ಕೊಟ್ಟದ್ದು ಪಿ.ಟಿ. ಮೇಷ್ಟ್ರ ದನಿಯಲ್ಲಿ!

ಪಂಚಾಯ್ತಿ ಅಧ್ಯಕ್ಷರು ಬರುವುದು ತಡವಾಯಿತು. ಸಭೆಯನ್ನು ಹಿಡಿದಿಡುವುದು ನಿರೂಪಕನ ಪರಮ ಕರ್ತವ್ಯವೆಂದು ಬಗೆದು, ಅವರ ಮಿಮಿಕ್ರಿಯನ್ನೇ ಶುರುಮಾಡಿದೆ. ಇಲ್ಲದ ಟವೆಲ್ಲನ್ನು ಬಲ ಹೆಗಲಿಂದ ಎಡಕ್ಕೆ ಹಾಕಿ, ಎರಡು ಸಲ ಕೆಮ್ಮಿ, "ಗಮನಕ್ಕೆ ಬಂದಿದೆ. ನೋಡನ. ಬರ್ಕಳಿ," ಎಂದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಬಾಗಿಲಲ್ಲಿ ಬಂದು ನಿಂತಿದ್ದ ಅಧ್ಯಕ್ಷರೂ ನಕ್ಕರು! ಕೂತವರೇ, ಕಾರ್ಯದರ್ಶಿಯವರದ್ದೂ ಮಾಡು ಎಂದರು. ಮಾಡಿದೆ. ವಾಟರ್‌ಮ್ಯಾನ್‌ದೂ ಮಾಡಿದೆ. ಯಾರೂ ಕೇಳದಿದ್ದರೂ ಪಂಪ್‌ಸೆಟ್ಟಿನದ್ದೂ ಮಾಡಿದೆ. ಅರ್ಧ ಗಂಟೆ ಹೋಯಿತು.

ಕೊನೆಗೆ ಸವಿತಾ ಎದ್ದು ಚಿಲಕದ ಬೇಡಿಕೆ ಓದಿದಳು. ಅಧ್ಯಕ್ಷರು ಟವೆಲ್ಲನ್ನು ಬಲದಿಂದ ಎಡಕ್ಕೆ ಹಾಕಿದರು. ಎರಡು ಸಲ ಕೆಮ್ಮಿದರು. "ಗಮನಕ್ಕೆ ಬಂದಿದೆ..."

ಸಭೆ ಸಿಡಿಯಿತು. ಅವರು ಮತ್ತೆ ಬಾಯಿ ತೆರೆದರು, ಮತ್ತೆ ನಗು. ಅಧ್ಯಕ್ಷರ ಮುಖ ಕೆಂಪಾಯಿತು. ಸವಿತಾ ಕೇಳಿದ ಚಿಲಕವೇ ನಗೆಪಾಟಲಾಗಿತ್ತು. ಇಷ್ಟು ಘನಕಾರ್ಯ ಮಾಡಿದ ಕಲಾವಿದ ಮೈಕಿನ ಕಂಬದ ಹಿಂದೆ ಅಡಗಲು ನೋಡಿದ. ಕಂಬ ಅವನಿಗಿಂತ ಸಣ್ಣಗಿತ್ತು.

ಸವಿತಾ ಕೂರಲಿಲ್ಲ. "ಎಲ್ರೂ ನಕ್ಕು ಮುಗ್ಸಲಿ, ನಾನು ಕಾಯ್ತೀನಿ. ಚಿಲಕ ಬರೋವರೆಗೆ ನೀವೇ ಬಂದು ಬಾಗ್ಲು ಹಿಡ್ಕಳಿ ಸರ್."

ಸಭೆ ತಣ್ಣಗಾಯಿತು. ಅಧ್ಯಕ್ಷರು ಹೊಸ ಉತ್ತರಕ್ಕಾಗಿ ತಡಕಾಡಿದರು. ಹಳೆಯ ಮೂರನ್ನೂ ನಾನು ಖರ್ಚು ಮಾಡಿದ್ದೆನಲ್ಲ. "ನಾಳೆ ಹಾಕಿಸ್ತೀನಿ ಮಗಾ," ಎಂದು ಮೆಲ್ಲಗೆ ಹೇಳಿದರು. ಆಮೇಲೆ ಗಡಿಯಾರ ನೋಡಿ, ಮಾಸ್ತಿಕಟ್ಟೆ ಕಡೆ ಇನ್ನೊಂದು ಸಭೆಗೆ ಹೊತ್ತಾಯಿತೆಂದು ಎದ್ದುಬಿಟ್ಟರು.

ಮರುದಿನವೇ ಬಡಗಿ ಬಂದು ಬಾಗಿಲು ಹೆರೆದು ಚಿಲಕ ಹಾಕಿದ. ಈ ಐತಿಹಾಸಿಕ ವಿಜಯದಲ್ಲಿ ಅರ್ಧ ನನ್ನದೆಂದು ಸವಿತಾಳಿಗೆ ವಿನಯದಿಂದ ತಿಳಿಸಿದೆ. ಅವಳು ಹಾಳೆ ಚಾಚಿದಳು. ಎರಡನೇ ಬೇಡಿಕೆ: ಹುಡುಗರ ಶೌಚಾಲಯಕ್ಕೂ ಚಿಲಕ.

"ನಿನ್ ಪಂಪ್‌ಸೆಟ್ ಕೂಗ್ತಿತ್ತಲ್ಲ, ಆ ಹೊತ್ತಲ್ಲಿ ಇದನ್ನ ಓದ್ಬೋದಿತ್ತು," ಎಂದಳು.

ಅಂದಿನಿಂದ ಹುಡುಗರ ಶೌಚಾಲಯದಲ್ಲಿ ಒಂದು ಕಾಲನ್ನು ಬಾಗಿಲಿಗೆ ಒತ್ತಿಕೊಂಡೇ ಕೂರುತ್ತೇನೆ. ಹೊರಗೆ ಹೆಜ್ಜೆ ಸಪ್ಪಳವಾದರೆ ಒಳಗಿನಿಂದಲೇ ಹೆಡ್ ಮೇಷ್ಟ್ರ ದನಿಯಲ್ಲಿ "ಯಾರದು?" ಎನ್ನುತ್ತೇನೆ. ಹುಡುಗರು ಓಡಿಹೋಗುತ್ತಾರೆ. ಮೊನ್ನೆ ಮಾತ್ರ ಸಪ್ಪಳ ಅಲ್ಲೇ ನಿಂತಿತು. ಅದೇ ದನಿ ಹೊರಗಿನಿಂದ ಉತ್ತರಿಸಿತು.

"ನಾನೇ ಕಣೋ. ನಿಧಾನಕ್ಕೆ ಮುಗ್ಸಿ ಬಾ, ಕಾಯ್ತೀನಿ."

ಮುಗಿಸಲು ಏನೂ ಉಳಿದಿರಲಿಲ್ಲ!