ಅಕ್ಕನ ಬಾಟಲಿಯ ಸಮುದ್ರ

ಇದರಲ್ಲಿ ಬರುವುದೆಲ್ಲ ನಿಜ. ಒಂದು ಅಕ್ಷರ ಸುಳ್ಳಿದ್ದರೂ ಇನ್ನು ಮೇಲೆ ನನಗೆ ಮದ್ದೂರು ವಡೆ ದಕ್ಕದಿರಲಿ. ನಮ್ಮ ಕಡೆಯವನು ಇದಕ್ಕಿಂತ ದೊಡ್ಡ ಆಣೆ ಇಡಲಾರ. ನಾನು ಹೊಸಿಲು ದಾಟಿದರೆ ಸಾಕು, ಏನಾದರೊಂದು ಆಗೇ ಆಗುತ್ತದೆ. ಸಂತೆಗೆ ಹೋದರೂ ಸೊಪ್ಪಿನ ಜೊತೆ ಒಂದು ಕಥೆ ಬರುತ್ತದೆ. ಇನ್ನು ಸಮುದ್ರಕ್ಕೆ ಹೋದರೆ ಕೇಳಬೇಕೇ?

೧. ಬಾಟಲಿ

ಹತ್ತು ವರ್ಷದವನಿದ್ದಾಗ ಶಾಲೆಯಿಂದ ಸಮುದ್ರ ನೋಡಲು ಹೊರಟೆವು. ಅಕ್ಕ ಖಾಲಿ ಟಾನಿಕ್ ಬಾಟಲಿ ಕೈಗಿಟ್ಟು, "ಸಮುದ್ರದ ನೀರು ತುಂಬ್ಕೊಂಡು ಬಾರ್ಲಾ" ಅಂದಳು. ಬಸ್ಸು ಹಾಸನದಲ್ಲೇ ಕೆಟ್ಟು ನಿಂತಿತು. ಎರಡು ದಿನ ಛತ್ರದಲ್ಲಿ ಉಪ್ಪಿಟ್ಟು ತಿಂದು ಹಿಂದಿರುಗಿದೆವು.

ಖಾಲಿ ಬಾಟಲಿ ಹಿಡಿದು ಮನೆಗೆ ಹೋಗುವ ಗಂಡಸು ನಾನಲ್ಲ. ಮದ್ದೂರಲ್ಲಿ ಇಳಿದವನೇ ಶಿಂಷಾ ಹೊಳೆಯ ನೀರು ತುಂಬಿಸಿ, ಅಂಗಡಿಯಿಂದ ಕಲ್ಲುಪ್ಪು ತಂದು ಹಾಕಿ ಕುಲುಕಿದೆ.

"ಅಲೆ ಏಟೆತ್ತರ ಇತ್ಲಾ?" ಅಂತ ಅಕ್ಕ ಕೇಳಿದಳು.

"ತೆಂಗಿನ ಮರದಷ್ಟು."

ಅಕ್ಕ ಬಾಟಲಿಯ ಬಾಯಿಗೆ ಮೇಣ ಹಚ್ಚಿ ದೇವರ ಗೂಡಲ್ಲಿಟ್ಟಳು. ಮದುವೆಯಾಗಿ ಬೆಸಗರಹಳ್ಳಿಗೆ ಹೋಗುವಾಗ ಸೀರೆಗಳ ನಡುವೆ ಸುತ್ತಿ ಒಯ್ದಳು. ಅಲ್ಲಿನ ಹೆಂಗಸರು ಮಹಾಲಯ ಅಮಾವಾಸ್ಯೆಗೆ ಬಂದು ಒಂದೊಂದು ತೊಟ್ಟು ತಲೆಗೆ ಹಾಕಿಸಿಕೊಂಡು ಸಮುದ್ರಸ್ನಾನ ಮುಗಿಸುತ್ತಿದ್ದರು. ಹತ್ತಿರಹತ್ತಿರ ಐವತ್ತು ವರ್ಷ ಒಂದು ಬೀದಿಗೆ ಬೀದಿಯೇ ನನ್ನಿಂದ ಪುಣ್ಯ ಕಟ್ಟಿಕೊಂಡಿದೆ. ಇವತ್ತಿನವರೆಗೆ ಒಂದು ಶಾಲು ಹೊದಿಸಿದವರಿಲ್ಲ.

೨. ಹಳದಿ ಗಾಡಿ

ಹೋದ ವರ್ಷ ಮಂಡ್ಯದ ಮೆಕ್ಯಾನಿಕ್ ಭಾಯಿ ಹಳೇ ಸ್ಕೂಲ್ ವ್ಯಾನೊಂದರ ಸೀಟು ಕಿತ್ತು, ಎರಡು ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು ಕೂರಿಸಿ ನನಗೊಂದು ಕ್ಯಾಂಪರ್ ವ್ಯಾನ್ ಮಾಡಿಕೊಟ್ಟರು. "ಬಣ್ಣ ಬದಲಾಯಿಸ್ಲಾ ಅಣ್ಣ?" ಅಂದರು. ಬೇಡ, ನನ್ನ ಮೈಬಣ್ಣಕ್ಕೆ ಹಳದಿ ಒಪ್ಪುತ್ತದೆ ಅಂದೆ.

ಸುದ್ದಿ ಅಕ್ಕನಿಗೆ ಮುಟ್ಟಿತು. "ಬಾಟ್ಲೀಲಿ ಇನ್ನೂ ಅರ್ಧ ನೀರದೆ ಕಣ್ಲಾ. ನಾನು ಕಣ್ಮುಚ್ಚೋ ಮುಂಚೆ ಅದನ್ನ ಅದರ ತವರಿಗೆ ಬುಟ್ಟು ಬರ್ಬೇಕು. ನಿಂಗೆ ದಾರಿ ಗೊತ್ತಲ್ಲ."

ನಾನು ಆವರೆಗೂ ಸಮುದ್ರ ನೋಡಿರಲೇ ಇಲ್ಲ. ಐವತ್ತು ವರ್ಷ ಸಾಕಿದ ಹೆಸರು ಒಂದೇ ದಿನಕ್ಕೆ ಮುಳುಗುವುದರಲ್ಲಿತ್ತು. ಆದರೂ ಅಕ್ಕನನ್ನು ಕೂರಿಸಿಕೊಂಡು ಹೊರಟೆ.

ಮರುದಿನ ಬೆಳಿಗ್ಗೆ ಕರಾವಳಿಯ ಒಂದು ಊರಲ್ಲಿ ಗಾಡಿ ನಿಲ್ಲಿಸಿದ್ದೆ. ಒಳಗೆ ಅಕ್ಕ ಮುದ್ದೆ ತಿರುವುತ್ತಿದ್ದಳು. ಯಾರೋ ತಾಯಿಯೊಬ್ಬಳು ಓಡಿ ಬಂದು ಬಾಗಿಲು ತೆಗೆದು, ಮಗಳ ಬ್ಯಾಗನ್ನು ಒಳಗಿಟ್ಟು, "ಎಂತ ಮಾರಾಯ್ರೆ, ದಿನಾ ಲೇಟ್ ಮಾಡಿದ್ರೆ ಹೇಗೆ?" ಅಂತ ನನ್ನನ್ನು ಬೈದಳು.

ಒಳಗಿಂದ ಅಕ್ಕ, "ಬಾ ಮಗಾ, ಬಿಸಿಬಿಸಿ ಮುದ್ದೆ ಉಂಡ್ಬುಟ್ಟು ಓಗು" ಅಂದಳು.

ಆ ತಾಯಿ ಒಲೆ ನೋಡಿದಳು, ಮುದ್ದೆ ನೋಡಿದಳು. "ಬಿಸಿಯೂಟ ವ್ಯಾನಲ್ಲೇ ಶುರು ಮಾಡಿದ್ರಾ? ಮೊದ್ಲೇ ಹೇಳುದಲ್ವಾ, ನಾನು ಟಿಫಿನ್ ಕಟ್ಟಿದ್ದು ದಂಡ."

೩. ಸಿಮೆಂಟಿನ ಏಡಿ

ದಾರಿಯಲ್ಲಿ ಒಬ್ಬ ಪುಣ್ಯಾತ್ಮ ಎರಡಾಳೆತ್ತರದ ಸಿಮೆಂಟಿನ ಏಡಿ ಕಟ್ಟಿಸಿ, ಅದರ ಇಕ್ಕಳದಂಥ ಕೊಂಬಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳಲು ಟಿಕೆಟ್ ಇಟ್ಟಿದ್ದ. ಅಕ್ಕ ಸುತ್ತಲೂ ಒಂದು ಸುತ್ತು ಹಾಕಿ, ಟಿಕೆಟಿನವನನ್ನು ಕೇಳಿದಳು: "ಇಂಥವು ಗದ್ದೆ ಬದು ತೂತು ಮಾಡಾಕಿಲ್ವಪ್ಪಾ?"

"ಇದು ಸಿಮೆಂಟಿಂದು ಅಮ್ಮ."

"ಸಿಮೆಂಟು ನಾಲೇನೇ ಬುಡಾಕಿಲ್ಲ ಅವು."

ನಾನು ಕೊಂಬಿನ ನಡುವೆ ನುಗ್ಗಿದೆ. ಹೊಟ್ಟೆ ಸಿಕ್ಕಿಕೊಂಡಿತು. ಹೊಟ್ಟೆಯ ತಪ್ಪಲ್ಲ, ಏಡಿಯ ಅಳತೆ ಸರಿಯಿರಲಿಲ್ಲ. ಟಿಕೆಟಿನವನು ಕೊಬ್ಬರಿ ಎಣ್ಣೆ ತರಲು ಓಡಿದ. ಇದೇ ಸಮಯ ಅಂತ ಅಕ್ಕ ಎದುರಿಗೆ ಬಂದು ನಿಂತು ಕೇಳಿದಳು: "ನೀನು ಆಗ ಬಂದಾಗ ಈ ಏಡಿ ಇತ್ತೇನ್ಲಾ?"

ಓಡುವಂತಿಲ್ಲ. "ಇತ್ತು ಕಣಕ್ಕ," ಅಂದೆ. "ಆಗಿನ್ನೂ ಮರಿ."

೪. ಉಪ್ಪು

ದಾರಿ ಗೊತ್ತಿದ್ದವನು ಯಾರನ್ನೂ ಕೇಳುವಂತಿಲ್ಲ; ಸುತ್ತಿ ಸುತ್ತಿ ಸಂಜೆ ಕೊನೆಗೂ ಸಮುದ್ರ ಸಿಕ್ಕಿತು. ನಮ್ಮ ನಾಲೆಗೆ ಆಚೆ ದಡವಿದೆ, ಇದಕ್ಕಿಲ್ಲ. ನೋಡಿ ಅಭ್ಯಾಸವಿದ್ದವನಂತೆ ನಿಂತಿರಲು ನಾನು ಪಟ್ಟ ಪಾಡು ನನಗೇ ಗೊತ್ತು.

"ತೆಂಗಿನ ಮರದಷ್ಟು ಅಂದಿದ್ದೆ. ಮಂಡಿಗೂ ಬತ್ತಿಲ್ವಲ್ಲಾ?"

"ಈಗ ಡ್ಯಾಮಿಂದ ನೀರು ಬುಡೋ ಕಾಲ ಅಲ್ಲ ಕಣಕ್ಕ."

ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರ ಕೈ ನಿಲ್ಲಿಸಿ ನನ್ನನ್ನೇ ನೋಡಿದ.

ಅಕ್ಕ ಸೆರಗು ಸಿಕ್ಕಿಸಿ, ಮೇಣ ಕೆರೆದು, ಬಾಟಲಿಯ ನೀರನ್ನು ಮೆಲ್ಲಗೆ ಅಲೆಗೆ ಸುರಿದು ಕೈಮುಗಿದಳು. ನಾನೂ ಮುಗಿದೆ, ನನ್ನ ಗುಟ್ಟು ಕರಗಿ ಹೋಯಿತಲ್ಲ ಅಂತ. ಆಮೇಲೆ ಅವಳು ಸಮುದ್ರಕ್ಕೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು.

"ಲೇ, ನೀನು ಉಪ್ಪು ಕಮ್ಮಿ ಆಕಿದ್ದೆ ಕಣ್ಲಾ."

ನಾನು ಬಗ್ಗಿ ಕಪ್ಪೆಚಿಪ್ಪು ಆರಿಸತೊಡಗಿದೆ.

"ಬಸ್ಸು ಆಸನದಲ್ಲೇ ಕೆಟ್ಟೋಯ್ತು ಅಂತ ಮೇಸ್ಟ್ರು ಅವತ್ತೇ ಅಪ್ಪಂಗೆ ಯೋಳಿದ್ರು. ಅಟ್ಟೊತ್ಗೆ ನಾನು ಬೀದಿಗೆಲ್ಲ ಸಮುದ್ರದ ನೀರು ಅಂತ ಸಾರ್ಬುಟ್ಟಿದ್ದೆ. ನಿನ್ ಮಾನದ ಜೊತೆ ನನ್ ಮಾನಾನೂ ಓಯ್ತಿತ್ತು, ಸುಮ್ಕಿದ್ದೆ." ಖಾಲಿ ಬಾಟಲಿಯನ್ನು ನೋಡಿ ಮತ್ತೆ ಅಂದಳು, "ಪಾಪ, ಸಿಂಸಾ ನೀರು. ಮಳವಳ್ಳಿ ಕಡೆಯಿಂದ ಕಾವೇರಿ ಸೇರಿ ಮೂಡ್ಲು ಸಮುದ್ರಕ್ಕೆ ಓಗ್ಬೇಕಿತ್ತು. ಪಡುವ್ಲಿಗೆ ತಂದು ದಾರಿ ತಪ್ಪಿಸ್ಬುಟ್ಟೆ. ಓಗ್ಲಿ, ಇದ್ರಲ್ಲಿ ಈಗ ದಿಟವಾದ್ದು ತುಂಬು."

ತುಂಬಿದೆ. ಆ ಬಾಟಲಿ ಈಗ ಬೆಸಗರಹಳ್ಳಿಯ ದೇವರ ಗೂಡಲ್ಲಿದೆ. ಈ ಸಲದ ಅಮಾವಾಸ್ಯೆಗೆ ಬೀದಿಯವರೆಲ್ಲ ಬಂದು, "ಇದು ಮೊದ್ಲಿನದಕ್ಕಿಂತ ಶಕ್ತಿ ಕಣಮ್ಮ" ಅಂದರಂತೆ.

ಇಷ್ಟು ಬರೆದು ವಡೆ ತರಿಸಿದ್ದೇನೆ. ಎದುರಿಗಿದೆ, ಬಿಸಿಯಾಗಿದೆ, ಆದರೆ ಆಣೆ ಅಡ್ಡ ಬರುತ್ತಿದೆ. ಆದ್ದರಿಂದ ಒಂದು ಸಣ್ಣ ವಿಷಯ ಒಪ್ಪಿಕೊಂಡುಬಿಡುತ್ತೇನೆ. ವಾಪಸ್ ಬರುವಾಗ ಘಾಟಿಯ ತಿರುವಿನಲ್ಲಿ ಮುಚ್ಚಳ ಕಳಚಿ ನೀರೆಲ್ಲ ಹಾಸಿಗೆಯ ಪಾಲಾಯಿತು. ಮದ್ದೂರು ತಲುಪಿದಾಗ ಬೆಳಕು ಹರಿದಿತ್ತು, ಅಕ್ಕ ಇನ್ನೂ ಮಲಗಿದ್ದಳು. ಶಿಂಷಾ ಅಲ್ಲೇ ಹರಿಯುತ್ತಿತ್ತು, ಉಪ್ಪಿನ ಡಬ್ಬಿ ಒಲೆಯ ಪಕ್ಕವೇ ಇತ್ತು.

ಈ ಸಲ ಉಪ್ಪು ಕಮ್ಮಿ ಮಾಡಿಲ್ಲ.