ಏಳು ನಿಮಿಷದ ಕೆಂಪು ಬೆಳಕು

ನಾಯಿಗೆ ತುರಿಕೆ ಬಂದರೆ ಬಾಡಿಗೆದಾರನ ನಿದ್ದೆ ಕೆಡುವುದುಂಟೇ? ದಿಂಬಣ್ಣನದು ಕೆಟ್ಟಿತ್ತು.

ಅವನು ಬಾತುಕೋಳಿಯ ಗರಿ ತುಂಬಿ ದಿಂಬು ಹೊಲಿಯುವವನು. ಅದಕ್ಕೇ ಆ ಹೆಸರು. ಗರಿ ಹಾರುತ್ತದೆಂದು ಆಗಲೇ ಮೂರು ಮನೆಯವರು ಅವನನ್ನು ಹೊರಗೆ ಹಾಕಿದ್ದರು. ಹೋದ ವರ್ಷ ಸಿಕ್ಕ ಈ ಮಹಡಿ ಕೋಣೆಯೆಂದರೆ ಅವನಿಗೆ ಪ್ರಾಣ. ಬಿಸಿಲು ಬೀಳುತ್ತದೆ, ತೇವವಿಲ್ಲ, ಬೈಯುವವರಿಲ್ಲ. ಆದರೆ ಕರಾರು ಈ ತಿಂಗಳಿಗೆ ಮುಗಿಯುತ್ತಿತ್ತು. ಮನೆಯೊಡತಿ ಹೂಂ ಅನ್ನುತ್ತಿರಲಿಲ್ಲ, ಉಹೂಂ ಅನ್ನುತ್ತಲೂ ಇರಲಿಲ್ಲ. ಅವರ ಚಿಂತೆಯೆಲ್ಲ ನಾಯಿಯದು. ಒಂದು ವರ್ಷದಿಂದ ಕೆರೆದುಕೊಂಡು ಕೆರೆದುಕೊಂಡು ಅದರ ಬೆನ್ನು ಅಂಗೈಯಗಲ ಬೋಳಾಗಿತ್ತು.

ಆವತ್ತು ಬೆಳಿಗ್ಗೆ ಅವರು ನಾಯಿ ಡಾಕ್ಟರು ಹೇಳಿ ತರಿಸಿದ ಟಾರ್ಚಿನಂಥ ಒಂದು ಯಂತ್ರವನ್ನೂ ಎರಡು ಕಪ್ಪು ಕನ್ನಡಕಗಳನ್ನೂ ದಿಂಬಣ್ಣನ ಕೈಗಿಟ್ಟರು.

"ನಾನು ತಂಗಿ ಮನೆಗೆ ಹೋಗಿ ಸಂಜೆ ಬರ್ತೀನಿ. ಬೆಳಿಗ್ಗೆ ಹತ್ತಕ್ಕೊಂದು ಸಲ, ಸಂಜೆ ಐದಕ್ಕೊಂದು ಸಲ, ಏಳೇಳು ನಿಮಿಷ ಈ ಕೆಂಪು ಬೆಳಕನ್ನ ಗಾಯದ ಮೇಲೆ ಹಿಡೀಬೇಕು. ನಾಯಿ ಅಲ್ಲಾಡಬಾರದು. ಅದಕ್ಕೊಂದು ಕನ್ನಡಕ, ನಿಮಗೊಂದು. ನನ್ನ ಕೈಲಿ ಅರೆಗಳಿಗೆ ಕೂರಲ್ಲ. ನೀವು ಕೂರಿಸಿಬಿಟ್ರೆ ಕರಾರಿನ ಮಾತು ಸಂಜೇನೇ ಮುಗಿಸೋಣ."

"ಅಷ್ಟೇ ತಾನೆ ಅಮ್ಮ, ಹೋಗ್ಬನ್ನಿ" ಅಂದ ದಿಂಬಣ್ಣ. ಅವನು ಅದುವರೆಗೆ ನಾಯಿಗೆ ಕನ್ನಡಕ ಹಾಕಿದವನಲ್ಲ.

ಹಾಕುವಷ್ಟರಲ್ಲಿ ಹತ್ತೂವರೆಯಾಯಿತು. ದೀಪ ಹೊತ್ತಿಸಿದ್ದೇ ತಡ, ಪಕ್ಕದ ಮನೆಯ ನಿವೃತ್ತ ಫೋಟೋಗ್ರಾಫರ್ ಕಿಟಕಿಯಲ್ಲಿ ತಲೆ ತೂರಿಸಿದರು.

"ನಲವತ್ತು ವರ್ಷ ಬೆಳಕಲ್ಲೇ ಬದುಕಿದೋನು ನಾನು. ನಿಮ್ಮ ಕೋನ ತಪ್ಪು. ಸ್ವಲ್ಪ ಎಡಕ್ಕೆ. ಗದ್ದ ಮೇಲೆ."

"ಯಾರ ಗದ್ದ ಸಾರ್?"

"ನಾಯೀದು."

ಅಷ್ಟರಲ್ಲಿ ಎದುರುಮನೆ ಅಜ್ಜಿ ಬಂದರು. "ಹೊರಗೆ ಅಷ್ಟು ಬಿಸಿಲಿರೋವಾಗ ಬೆಳಕನ್ನ ದುಡ್ಡು ಕೊಟ್ಟು ತರ್ತಾರೇನಪ್ಪ" ಎನ್ನುತ್ತ ಬಾಗಿಲನ್ನು ಪೂರ್ತಿ ತೆರೆದರು. ಬಿಸಿಲು ಒಳಗೆ ಬಂತು. ನಾಯಿ ಹೊರಗೆ ಹೋಯಿತು.

ರಸ್ತೆಯಲ್ಲಿ ಮುಂದೆ ಕಪ್ಪು ಕನ್ನಡಕದ ನಾಯಿ, ಹಿಂದೆ ಕಪ್ಪು ಕನ್ನಡಕದ ದಿಂಬಣ್ಣ, ಅವನ ಕೈಯಲ್ಲಿ ಕೆಂಪು ದೀಪ. ಎರಡು ಸೈಕಲ್ಲುಗಳೂ ಒಂದು ಹಾಲಿನ ಗಾಡಿಯೂ ಪಕ್ಕಕ್ಕೆ ಸರಿದು ಮರ್ಯಾದೆಯಿಂದ ದಾರಿ ಬಿಟ್ಟವು. "ಓಡಿಸ್ಬೇಡಿ, ಅಲ್ಲಾಡುತ್ತೆ" ಎಂದು ಫೋಟೋಗ್ರಾಫರ್ ಹಿಂದಿನಿಂದ ಹೇಳುತ್ತಲೇ ಇದ್ದರು.

ಮೂರು ಗಂಟೆಯವರೆಗೆ ಹುಡುಕಿದರೂ ನಾಯಿ ಸಿಗಲಿಲ್ಲ. ಕರಾರಿನ ಕತೆ ಮುಗಿಯಿತು, ಇನ್ನು ಗಂಟುಮೂಟೆ ಕಟ್ಟುವುದೇ ಸರಿ ಎಂದು ದಿಂಬಣ್ಣ ಅಳುಮೋರೆ ಹಾಕಿಕೊಂಡು ಮಹಡಿ ಹತ್ತಿದ. ಅವನ ದಿಂಬುಗಳ ರಾಶಿಯ ಮೇಲೆ ನಾಯಿ ಕನ್ನಡಕ ಸಮೇತ ಗೊರಕೆ ಹೊಡೆಯುತ್ತಿತ್ತು. ಅದರ ಮೈಗೆ ಅಳತೆ ಕೊಟ್ಟು ಮಾಡಿಸಿದಂಥ ಗುಂಡಿ. ದಿನಾ ಮಧ್ಯಾಹ್ನ ತಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ದಿಂಬುಗಳು ಏಕೆ ತಗ್ಗುತ್ತವೆಂದು ಅವನಿಗೆ ಈಗ ತಿಳಿಯಿತು. ಸಿಟ್ಟು ಬರಲಿಲ್ಲ. ಖುಷಿಗೆ ಅದರ ತಲೆ ಸವರಿದ.

ಐದಕ್ಕೆ ದಿಂಬಿನ ಸಮೇತ ನಾಯಿಯನ್ನು ಕೆಳಗೆ ಹೊತ್ತು ತಂದು ಬೆಳಕು ಹಿಡಿದ. ಏಳು ನಿಮಿಷ ಅದು ಕಿವಿಯನ್ನೂ ಆಡಿಸಲಿಲ್ಲ. ಫೋಟೋಗ್ರಾಫರ್ ಗಡಿಯಾರ ನೋಡಿ ತಲೆದೂಗಿದರು. ಆಗಲೇ ಬಾಗಿಲಲ್ಲಿ ಬಂದು ನಿಂತಿದ್ದ ಒಡತಿಯ ಕಣ್ಣು ತುಂಬಿ ಬಂತು.

"ಇಷ್ಟು ದಿನ ನಿಮ್ಮನ್ನ ಬರೀ ಬಾಡಿಗೆದಾರ ಅಂದ್ಕೊಂಡಿದ್ದೆ. ಒಂದು ವರ್ಷ ಯಾಕೆ, ಮೂರು ವರ್ಷಕ್ಕೆ ಬರೆದುಬಿಡೋಣ."

ಕರಾರಿನ ಕಾಗದ ಮೇಜಿಗೆ ಬಂತು. ಪೆನ್ನಿನ ಮುಚ್ಚಳ ತೆಗೆಯುವಾಗ ಒಡತಿಗೆ ಫೋನ್ ಬಂತು. ನಾಯಿ ಡಾಕ್ಟರು.

"ರಕ್ತಪರೀಕ್ಷೆ ಬಂತಾ ಡಾಕ್ಟ್ರೆ? ಯಾವುದು ಆಗಲ್ವಂತೆ ಅದಕ್ಕೆ? ಗರೀನಾ? ಬಾತುಕೋಳೀದಾ? ನಮ್ಮನೇಲಿ ಬಾತುಕೋಳಿ ಎಲ್ಲಿಂದ..."

ಅವರ ಕಣ್ಣು ದಿಂಬಿನ ಮೇಲೆ ಬಿತ್ತು. ನಾಯಿಯ ಮೂಗಿನ ಮೇಲೆ ಒಂದು ಪುಟ್ಟ ಬಿಳಿ ಗರಿ ಉಸಿರಿಗೆ ತಕ್ಕಂತೆ ಏಳುತ್ತ ಬೀಳುತ್ತ ಇತ್ತು.

ಒಡತಿ ಪೆನ್ನಿನ ಮುಚ್ಚಳ ಹಾಕಿದರು. "ತಪ್ಪು ತಿಳ್ಕೋಬೇಡಿ. ತಿಂಗಳ ಕೊನೆಗೆ ರೂಮು ಖಾಲಿ ಮಾಡಿ" ಎಂದು ನಾಯಿಯ ಕೆಳಗಿನಿಂದ ದಿಂಬನ್ನು ಮೆಲ್ಲಗೆ ಎಳೆದುಕೊಂಡರು. ನಾಯಿ ಒಮ್ಮೆ ಆಕಳಿಸಿ, ದಿಂಬಣ್ಣನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಮುಂದುವರಿಸಿತು.

ಒಡತಿ ಅದನ್ನು ಸ್ವಲ್ಪ ಹೊತ್ತು ನೋಡಿದರು. "ಬೆಳಕು ಇನ್ನೂ ಎಂಟು ವಾರ ಹಿಡೀಬೇಕಂತೆ. ನನ್ನ ಹತ್ರ ಕೂರಲ್ಲ. ನೀವೆಲ್ಲೇ ಮನೆ ಮಾಡಿದ್ರೂ ದಿನಾ ಎರಡು ಸಲ ಬಂದುಹೋಗಿ. ಸ್ನಾನ ಮಾಡ್ಕೊಂಡು ಬನ್ನಿ."

ದಿಂಬಣ್ಣನ ಗದ್ದ ಎದೆಗಿಳಿಯಿತು.

"ಹಾಂ, ಹಾಗೇ ಇರಿ" ಅಂದರು ಫೋಟೋಗ್ರಾಫರ್, "ಈಗ ಕೋನ ಸರಿಯಾಗಿದೆ."